ಕಡಲೆಕಾಯಿಯ ವಿಷದ ಬೂಷ್ಟು ಮತ್ತು ಮಣ್ಣಿನ ಮಿತ್ರಜೀವಿ



ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಒಳ್ಳೆಯ ಕಡಲೆಕಾಯಿ ಮಾರಾಟಕ್ಕೆ ಹೋಗುತ್ತದೆ. ಬೂಷ್ಟು ಹಿಡಿದದ್ದು, ಮುರುಟಿದ್ದು ಮನೆಯಲ್ಲಿ ಉಳಿಯುತ್ತದೆ. ಅದು ಚಟ್ನಿಗೆ, ಗಾಣಕ್ಕೆ, ದನದ ಹಿಂಡಿಗೆ ಸೇರುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಇದರ ಅಪಾಯವನ್ನೂ ತಡೆಯುವ ದಾರಿಯನ್ನೂ ಈ ಸಲ ತಿಳಿಯೋಣ.

ಬೀಜದ ಮೇಲೆ ಹಳದಿ ಹಸಿರು ಪುಡಿಯಂತೆ ಕಾಣುವ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಇದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದಿತು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಆದಿವಾಸಿ ಹಳ್ಳಿಗಳಲ್ಲಿ ಇದೇ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಮರಣ ಹೊಂದಿದರು. ಈ ವಿಷ ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಯಕೃತ್ತಿನ ಕ್ಯಾನ್ಸರ್ ಬರಬಹುದು. ಹುರಿದರೂ ಬೇಯಿಸಿದರೂ ವಿಷ ಪೂರ್ತಿ ಹೋಗುವುದಿಲ್ಲ. ಹಿಂಡಿ ತಿಂದ ಹಸುವಿನ ಹಾಲಿನಲ್ಲಿಯೂ ಅದರ ಅಂಶ ಇಳಿಯುತ್ತದೆ.

ಈ ಬೂಷ್ಟಿನ ಮೂಲ ಹೊಲದ ಮಣ್ಣು. ಕಡಲೆಕಾಯಿ ಬಲಿಯುವುದೂ ಮಣ್ಣಿನೊಳಗೇ. ಕಟಾವಿಗೆ ಮುಂಚಿನ 3ರಿಂದ 6 ವಾರ ಮಳೆ ಕೈಕೊಟ್ಟರೆ ಬೂಷ್ಟು ಕಾಯೊಳಗೆ ಸುಲಭವಾಗಿ ನುಗ್ಗುತ್ತದೆ. ಆದುದರಿಂದ ಕಾವಲು ಹೊಲದಲ್ಲಿಯೇ ಆರಂಭವಾಗಬೇಕು.

ಕಾವಲುಗಾರನ ಹೆಸರು ಟ್ರೈಕೋಡರ್ಮಾ. ಇದೂ ಒಂದು ಶಿಲೀಂಧ್ರವೇ. ಕೆಟ್ಟ ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು, ಅವುಗಳ ಗೋಡೆಯನ್ನು ಕರಗಿಸಿ ತಿನ್ನುತ್ತದೆ. ಅವುಗಳ ಆಹಾರವನ್ನೂ ಜಾಗವನ್ನೂ ಕಸಿಯುತ್ತದೆ. ಹಿಟ್ಟಿನೊಳಗೆ ಅಡಗಿ ಕೆಲಸ ಮಾಡುವ ಹುಳಿಯ ಸಾಮತಿಯನ್ನು ನೀವು ಬಲ್ಲಿರಿ. ಇದರ ಕೆಲಸವೂ ಹಾಗೆಯೇ, ಕಣ್ಣಿಗೆ ಕಾಣದು.

ಬಿತ್ತನೆಗೆ ಮೊದಲು 1 ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿಯನ್ನು ಲೇಪಿಸಿರಿ. ಎಕರೆಗೆ 2 ಕಿಲೋ ಪುಡಿಯನ್ನು 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಯೊಡನೆ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಒಂದು ವಾರ ಮುಚ್ಚಿಟ್ಟು, ತೇವವಿರುವ ಹೊಲಕ್ಕೆ ಎರಚಿರಿ. ಶಿಲೀಂಧ್ರನಾಶಕ ರಾಸಾಯನಿಕದೊಡನೆ ಬೆರೆಸಬೇಡಿ, ಮಿತ್ರನೂ ಸಾಯುತ್ತಾನೆ. ಪೊಟ್ಟಣದ ಮೇಲಿನ ತಾರೀಖು ನೋಡಿ ಕೊಳ್ಳಿರಿ.

ಕಿತ್ತ ಕಾಯಿಯ ಮೇಲೆ ಇದನ್ನು ಎರಚಿದರೆ ಆಗದೇ ಎಂದು ಕೆಲವರು ಕೇಳಬಹುದು. ಆಗದು. ಟ್ರೈಕೋಡರ್ಮಾ ಬೆಳೆಯಲು ತೇವ ಬೇಕು. ಆ ತೇವ ಬೂಷ್ಟಿಗೂ ಹಬ್ಬವೇ. ಕಿತ್ತ ಮೇಲೆ ಬಿಸಿಲೇ ಮದ್ದು. ಗಿಡಗಳನ್ನು ಕಾಯಿ ಮೇಲಾಗುವಂತೆ ತಿರುವಿ ಹಾಕಿರಿ. ಹಸಿ ಗಿಡಗಳನ್ನು ಬಣವೆ ಒಟ್ಟಬೇಡಿ. ಅಲುಗಿಸಿದಾಗ ಕಾಯಿ ಗಲಗಲ ಎನ್ನುವವರೆಗೆ ಒಣಗಿಸಿರಿ. ತೇವಾಂಶ ನೂರಕ್ಕೆ 8ಕ್ಕಿಂತ ಹೆಚ್ಚಿರಬಾರದು. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯನ್ನು ಬಿಡಿರಿ. ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿರಿ.

ಮಿತ್ರಜೀವಿ ಬೂಷ್ಟನ್ನು ಕಡಿಮೆ ಮಾಡುತ್ತದೆ, ಆದರೆ ಒಮ್ಮೆ ಸೇರಿದ ವಿಷವನ್ನು ತೆಗೆಯಲಾರದು. ಆದ್ದರಿಂದ ತಾಯಂದಿರಲ್ಲಿ ನಮ್ಮ ವಿನಂತಿ: ಬೂಷ್ಟು ಹಿಡಿದ ಬೀಜವನ್ನು ಆರಿಸಿ ಸುಟ್ಟುಬಿಡಿರಿ. ಮಾರಲು ಬಾರದ್ದು ಮಕ್ಕಳ ತಟ್ಟೆಗೂ ಬಾರದು, ಹಸುವಿನ ಬಾನಿಗೂ ಬಾರದು.