ಮೂರು ಪ್ರತಿಗಳ ನಿಯಮ

ಮನೆಯ ಕಂಪ್ಯೂಟರಿನಲ್ಲಿ ನಾವು ಕೂಡಿಟ್ಟ ಅಂಕಪಟ್ಟಿ, ಪ್ರಬಂಧ, ಭಾವಚಿತ್ರಗಳು ವಾಸ್ತವವಾಗಿ ಎಲ್ಲಿರುತ್ತವೆ? ಹಾರ್ಡ್ ಡಿಸ್ಕಿನಲ್ಲಾದರೆ ಅವು ತಿರುಗುವ ತಟ್ಟೆಯ ಮೇಲಿನ ಸೂಕ್ಷ್ಮ ಕಾಂತೀಯ ಗುರುತುಗಳು. ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಗುರುತುಗಳನ್ನು ಓದುವ ಮೊನೆಯು ಕೆಲವೇ ನ್ಯಾನೊಮೀಟರುಗಳಷ್ಟು ಮೇಲೆ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪವು ಈ ಅಂತರದ ಸಾವಿರಾರು ಪಟ್ಟು! ಯಂತ್ರವು ಕೈಜಾರಿ ಬಿದ್ದರೆ ಮೊನೆಯು ತಟ್ಟೆಯನ್ನು ಗೀರಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ಅಲ್ಲಿ ಮಾಹಿತಿಯು ವಿದ್ಯುದಾವೇಶದ ರೂಪದಲ್ಲಿದೆ. ಆದರೆ ಬರೆದು ಅಳಿಸಿದಷ್ಟೂ ಅದರ ಕೋಶಗಳು ಸವೆಯುತ್ತವೆ. ಚಿರಕಾಲ ಬಾಳುವ ಸಾಧನ ಯಾವುದೂ ಅಲ್ಲ.

ಹಾಗಾದರೆ ಉಪಾಯವೇನು? ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವವು 20ರಲ್ಲಿ 1 ಎಂದು ಊಹಿಸಿಕೊಳ್ಳೋಣ. ಎರಡು ಡಿಸ್ಕುಗಳಲ್ಲಿ ಪ್ರತಿಗಳಿದ್ದರೆ, ಅದೇ ವರ್ಷ ಎರಡೂ ಕೆಡುವ ಸಂಭವವು 400ರಲ್ಲಿ 1 ಮಾತ್ರ. ಆದರೆ ಈ ಗುಣಾಕಾರಕ್ಕೆ ಒಂದು ಷರತ್ತುಂಟು: ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿರಕೂಡದು. ಎರಡೂ ಒಂದೇ ಮೇಜಿನ ಮೇಲಿದ್ದರೆ ಒಂದೇ ಸಿಡಿಲು, ಒಂದೇ ನೆರೆ ಎರಡನ್ನೂ ಕೊಂಡೊಯ್ಯಬಲ್ಲದು. ಆದ್ದರಿಂದಲೇ 3-2-1 ಎಂಬ ನಿಯಮ ಬಳಕೆಗೆ ಬಂದಿದೆ: 3 ಪ್ರತಿಗಳು, 2 ಬಗೆಯ ಸಾಧನಗಳು, 1 ಪ್ರತಿ ಬೇರೆ ಸ್ಥಳದಲ್ಲಿ. ಅಂತರ್ಜಾಲದ ಸಂಗ್ರಹವೂ ಬೇರೆ ಸ್ಥಳವೇ ಸರಿ. ಆದರೆ ಎರಡು ಕಡೆಯನ್ನೂ ತಾನಾಗಿ ಹೊಂದಿಸುವ ವ್ಯವಸ್ಥೆಯಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆಂಬುದನ್ನು ಮರೆಯಬಾರದು.

1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಬಹುಪಾಲು ಕಡತಗಳನ್ನು ಒಂದು ತಪ್ಪು ಆಜ್ಞೆ ಅಳಿಸಿತು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಉದ್ಯೋಗಿಯೊಬ್ಬರ ಮನೆಯಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಕೆಲವು ತಿಂಗಳಿಗೊಮ್ಮೆ ಪ್ರತಿಯನ್ನು ತೆರೆದು ಪರೀಕ್ಷಿಸದಿದ್ದರೆ ಅದು ಇದ್ದೂ ಇಲ್ಲದಂತೆ.

ಪ್ರತಿ ಮಾಡುವ ಮೊದಲು ಕಡತಗಳಲ್ಲಿ ಅಚ್ಚುಕಟ್ಟು ಬೇಕು. ವ್ಯಾಸಂಗ, ದಾಖಲೆ, ಚಿತ್ರಗಳೆಂದು ವಿಂಗಡಿಸಿ, ಹೆಸರಿನ ಮೊದಲಲ್ಲಿ 2025-03-07 ಎಂಬಂತೆ ವರ್ಷ, ತಿಂಗಳು, ದಿನಗಳನ್ನು ಇದೇ ಕ್ರಮದಲ್ಲಿ ಬರೆಯೋಣ. ಯಂತ್ರವು ಹೆಸರುಗಳನ್ನು ಎಡದಿಂದ ಬಲಕ್ಕೆ ಹೋಲಿಸಿ ಜೋಡಿಸುವುದರಿಂದ, ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಓಲೆಗರಿಯೂ ಅಳಿಯುವ ವಸ್ತುವೇ. ಪ್ರತಿಗಳು ಹಲವು ಕಡೆ ಹರಡಿದರೆ ಕೃತಿ ಉಳಿಯುತ್ತದೆ. ನಮಗೆ ಸಾವಿರ ಬೇಕಿಲ್ಲ, ಮೂರು ಸಾಕು.