ಮೊಳೆ ಚಪ್ಪಲಿ, ಕಬ್ಬಿಣದ ಅಂಗಿ: ರೋಮನ್ ಸೈನಿಕರಂತೆ ಆಲ್ಪ್ಸ್ ಹತ್ತಿದರೆ ಏನಾಗುತ್ತದೆ?

ವಾರಾಂತ್ಯದ ಚಾರಣಕ್ಕೆ ಹೊರಡುವವರು ಬ್ಯಾಗಿನ ತೂಕ 10 ಕೆ.ಜಿ. ದಾಟಿದರೆ ಒಂದೊಂದೇ ಸಾಮಾನು ತೆಗೆದಿಡಲು ಶುರುಮಾಡುತ್ತಾರೆ. ಆದರೆ ಯುರೋಪಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧ ಹವ್ಯಾಸದವರೂ ಇದ್ದಾರೆ. ಎರಡು ಸಾವಿರ ವರ್ಷ ಹಿಂದಿನ ರೋಮನ್ ಸೈನಿಕನ ವೇಷ ತೊಟ್ಟು, ಅವನ ಗುರಾಣಿ, ಈಟಿ, ಗುದ್ದಲಿಯನ್ನೆಲ್ಲ ಹೊತ್ತು ಬೆಟ್ಟ ಹತ್ತುವುದು ಇವರ ಹವ್ಯಾಸ. ನೋಡುವವರಿಗೆ ಹುಚ್ಚಾಟ ಅನ್ನಿಸಬಹುದು. ಆದರೆ ಪುಸ್ತಕ ಓದಿದರೆ ತಿಳಿಯದ ಕೆಲವು ಸಂಗತಿಗಳು ತಿಳಿದಿರುವುದು ಹೀಗೆ ನಡೆದವರಿಂದಲೇ.

ಇಂಥ ನಡಿಗೆಗಳಲ್ಲಿ ಹೆಸರಾದದ್ದು 1985ರದು. ಜರ್ಮನಿಯ ಆಗ್ಸ್‌ಬರ್ಗ್ ನಗರಕ್ಕೆ ಆಗ 2000 ವರ್ಷ ತುಂಬಿದ ಸಂಭ್ರಮ. ಕ್ರಿ.ಪೂ. 15ರಲ್ಲಿ ಚಕ್ರವರ್ತಿ ಆಗಸ್ಟಸ್‌ನ ಮಲಮಕ್ಕಳಾದ ಡ್ರೂಸಸ್ ಮತ್ತು ಟೈಬೀರಿಯಸ್ ಆಲ್ಪ್ಸ್ ಪ್ರದೇಶವನ್ನು ಗೆದ್ದ ದಂಡಯಾತ್ರೆಯೇ ಆ ನಗರದ ಮೂಲ. ಇತಿಹಾಸಕಾರ ಮಾರ್ಕುಸ್ ಯುಂಕೆಲ್‌ಮಾನ್ ಒಂದು ಸಣ್ಣ ತಂಡ ಕಟ್ಟಿಕೊಂಡು, ಎಲ್ಲರಿಗೂ ಅಂದಿನ ಸೈನಿಕರ ಉಡುಪು, ಆಯುಧ ಮಾಡಿಸಿ, ಇಟಲಿಯ ವೆರೋನಾದಿಂದ ಆಲ್ಪ್ಸ್ ದಾಟಿ ಆಗ್ಸ್‌ಬರ್ಗ್‌ವರೆಗೆ ನಡೆದರು. ದಾರಿ 500 ಕಿ.ಮೀ.ಗೂ ಹೆಚ್ಚು.

ಹೊರೆ ಎಷ್ಟಿತ್ತು ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ. ಕಬ್ಬಿಣದ ಉಂಗುರಗಳನ್ನು ಹೆಣೆದು ಮಾಡಿದ ಕವಚವೇ ಸುಮಾರು 10 ಕೆ.ಜಿ. ಶಿರಸ್ತ್ರಾಣ 2 ಕೆ.ಜಿ. ಆಸುಪಾಸು. ಮರದ ಪದರಗಳ ಗುರಾಣಿ, ಮಾದರಿಗೆ ತಕ್ಕಂತೆ, 6ರಿಂದ 10 ಕೆ.ಜಿ. ಕತ್ತಿ, ಕಠಾರಿ, ಈಟಿ ಬೇರೆ. ಇದು ಯುದ್ಧದ ಸರಂಜಾಮು ಮಾತ್ರ. ಇದರ ಮೇಲೆ ಗರಗಸ, ಬುಟ್ಟಿ, ಗುದ್ದಲಿ, ಕೊಡಲಿ, ಕುಡುಗೋಲು, ಮೂರು ದಿನದ ಆಹಾರ ಇವೆಲ್ಲ ಇರುತ್ತಿದ್ದವು, ಸೈನಿಕನಿಗೂ ಹೇಸರಗತ್ತೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ ಎಂದು ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅದಕ್ಕೂ ಮೊದಲೇ, ಸೇನಾಪತಿ ಮಾರಿಯಸ್‌ನ ಕಾಲದಲ್ಲಿ, ಸೈನಿಕರಿಗೆ 'ಮಾರಿಯಸ್‌ನ ಹೇಸರಗತ್ತೆಗಳು' ಎಂಬ ಅಡ್ಡಹೆಸರು ಬಿದ್ದಿತ್ತು. ಎಲ್ಲ ಕೂಡಿಸಿದರೆ 40 ಕೆ.ಜಿ. ಮೀರುತ್ತದೆ ಎಂಬುದು ಯುಂಕೆಲ್‌ಮಾನ್ ಅವರ ಲೆಕ್ಕ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಸೇನಾ ತರಬೇತಿಯ ಬಗ್ಗೆ ಬರೆದ ವೆಜೀಷಿಯಸ್ ಹೇಳುವುದು 60 ರೋಮನ್ ಪೌಂಡ್, ಅಂದರೆ ಸುಮಾರು 20 ಕೆ.ಜಿ. ಅದರಲ್ಲಿ ಆಯುಧದ ತೂಕ ಸೇರಿದೆಯೋ ಇಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಗುಡಾರ, ಬೀಸುಕಲ್ಲಿನಂಥ ಭಾರದ ವಸ್ತುಗಳು ಮಾತ್ರ ನಿಜವಾದ ಹೇಸರಗತ್ತೆಗಳ ಬೆನ್ನ ಮೇಲೆ.

ಆಗ ಬೆನ್ನಿಗೆ ಹಾಕುವ ಬ್ಯಾಗ್ ಇರಲಿಲ್ಲ. ಅಡ್ಡಪಟ್ಟಿ ಇರುವ ಕೋಲಿನ ತುದಿಗೆ ಗಂಟು, ಪಾತ್ರೆ, ಚರ್ಮದ ಚೀಲ ಕಟ್ಟಿ ಹೆಗಲ ಮೇಲಿಟ್ಟುಕೊಳ್ಳುತ್ತಿದ್ದರು. ರೋಮ್‌ನ ಟ್ರಾಜನ್ ಸ್ತಂಭದ ಕೆತ್ತನೆಯಲ್ಲಿ ಇದನ್ನು ಕಾಣಬಹುದು. ಸಮತಟ್ಟಿನಲ್ಲಿ ಪರವಾಗಿಲ್ಲ. ಕಡಿದಾದ ಏರಿನಲ್ಲಿ ಒಂದು ಕೈ ಸದಾ ಕೋಲಿಗೇ ಮೀಸಲು, ಹೆಗಲ ಮೂಳೆಗೆ ಒತ್ತಡ, ಗಾಳಿ ಬೀಸಿದರೆ ಬೆನ್ನಿನ ಗುರಾಣಿ ಹಾಯಿಯಂತೆ ಎಳೆಯುತ್ತದೆ. ಕವಚದ ವಿಷಯ ಬೇರೆ. ನಡುಪಟ್ಟಿ ಬಿಗಿದರೆ ಅದರ ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ. ಇಂದಿನ ದೊಡ್ಡ ಟ್ರೆಕಿಂಗ್ ಬ್ಯಾಗುಗಳ ಸೊಂಟದ ಬೆಲ್ಟ್ ಮಾಡುವುದೂ ಇದೇ ಕೆಲಸ. ಮೈಮೇಲಿನ ಉಣ್ಣೆಯ ಹೊದಿಕೆ ನಮ್ಮ ಕುರುಬರ ಕಂಬಳಿಯ ಹಾಗೆ, ನೆನೆದರೂ ಬೆಚ್ಚಗಿಡುತ್ತದೆ, ಆದರೆ ನೆನೆದ ಮೇಲೆ ಅದರ ಭಾರ ಹೇಳತೀರದು.

ಕುತೂಹಲದ ವಸ್ತು ಎಂದರೆ ಪಾದರಕ್ಷೆ. 'ಕಲಿಗಾ' ಎಂಬ ಈ ಚರ್ಮದ ಚಪ್ಪಲಿಯ ಅಟ್ಟೆಗೆ ಎತ್ತಿಗೆ ಲಾಳ ಹೊಡೆದಂತೆ 80-90 ಕಬ್ಬಿಣದ ಮೊಳೆ ಹೊಡೆಯುತ್ತಿದ್ದರು. (ಬಾಲ್ಯದಲ್ಲಿ ಪುಟ್ಟ ಕಲಿಗಾ ತೊಟ್ಟು ಸೇನಾ ಶಿಬಿರದಲ್ಲಿ ಓಡಾಡುತ್ತಿದ್ದುದಕ್ಕೇ ಚಕ್ರವರ್ತಿಯೊಬ್ಬನಿಗೆ ಕಲಿಗುಲಾ ಎಂಬ ಹೆಸರು ಬಂತು.) ಮಣ್ಣು, ಹುಲ್ಲಿನ ಮೇಲೆ ಈ ಮೊಳೆಗಳು ಚೆನ್ನಾಗಿ ಕಚ್ಚುತ್ತವೆ. ನುಣುಪು ಬಂಡೆಯ ಮೇಲೆ ಜಾರುತ್ತವೆ. ಕ್ರಿ.ಶ. 70ರ ಜೆರುಸಲೇಮ್ ಮುತ್ತಿಗೆಯಲ್ಲಿ ಜೂಲಿಯಾನಸ್ ಎಂಬ ಶೂರ ಶತಾಧಿಪತಿ ಕಲ್ಲುಹಾಸಿನ ಮೇಲೆ ಈ ಮೊಳೆಗಳಿಂದಲೇ ಜಾರಿ ಬಿದ್ದು ಶತ್ರುಗಳ ಕೈಯಲ್ಲಿ ಸತ್ತನೆಂದು ಜೋಸೆಫಸ್ ದಾಖಲಿಸಿದ್ದಾನೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಪಾಚಿಗಟ್ಟಿದ ಮೆಟ್ಟಿಲು ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊಳೆ ಸವೆಯುತ್ತದೆ, ಉದುರುತ್ತದೆ. ಪುರಾತತ್ವಜ್ಞರಿಗೆ ಇದೇ ವರ. ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಪ್ರಾಂತ್ಯದ ಕ್ರಾಪ್ ಸೆಸ್ ಕಣಿವೆಯಲ್ಲಿ ಇಂಥ ಚಪ್ಪಲಿ ಮೊಳೆಗಳು, ಸೈನ್ಯದಳಗಳ ಮುದ್ರೆಯಿರುವ ಸೀಸದ ಕವಣೆ ಗುಂಡುಗಳು ಸಿಕ್ಕಿವೆ. ಕ್ರಿ.ಪೂ. 15ರ ಸುಮಾರಿನ ಕಾಳಗ ಅಲ್ಲೇ ನಡೆದದ್ದು ಎಂದು ಗುರುತಿಸಲು ಅವೇ ಆಧಾರ. ಅದರ ಸಮೀಪದ ಕೋಮ್ ಲಾ ರುಂಗಾದಲ್ಲಿ, ಸುಮಾರು 2,200 ಮೀಟರ್ ಎತ್ತರದಲ್ಲಿ, ರೋಮನ್ ಶಿಬಿರದ ಕುರುಹು ಪತ್ತೆಯಾದ ಸುದ್ದಿ 2024ರಲ್ಲಿ ಹೊರಬಿತ್ತು. ಅಷ್ಟು ಎತ್ತರಕ್ಕೆ ಹತ್ತಿದ ಮೇಲೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಗುದ್ದಲಿ ಹಿಡಿದು ಸುತ್ತ ಕಂದಕ ತೋಡಬೇಕಿತ್ತು.

ಹಾಗೆಂದು ಇಂದಿನ ನಡಿಗೆಯಿಂದ ಎಲ್ಲವೂ ರುಜುವಾಗುವುದಿಲ್ಲ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರ ಕಾಲಲ್ಲಿ ಬೊಬ್ಬೆ ಬಂದರೆ ಅಂದಿನ ಸೈನಿಕನಿಗೂ ಬರುತ್ತಿತ್ತು ಎನ್ನಲಾಗದು. ಅವನದು ಇಪ್ಪತ್ತಕ್ಕೂ ಹೆಚ್ಚು ವರ್ಷದ ಚಾಕರಿ, ಬೇಸಿಗೆಯ ಐದು ತಾಸಿನಲ್ಲಿ 20 ರೋಮನ್ ಮೈಲಿ, ಅಂದರೆ 30 ಕಿ.ಮೀ.ಗೆ ಸ್ವಲ್ಪ ಕಡಿಮೆ, ನಡೆಯುವ ಅಭ್ಯಾಸ. ಈ ಪ್ರಯೋಗಗಳು ಹೇಳುವುದು 'ಇದು ಸಾಧ್ಯವಿತ್ತು' ಎಂದಷ್ಟೇ. ಶಿರಸ್ತ್ರಾಣಕ್ಕೆ ಕೆಂಪು ಕುಚ್ಚು ಸಿಕ್ಕಿಸಿ ಅರ್ಧ ಗಂಟೆ ಫೋಟೊ ತೆಗೆಸಿಕೊಳ್ಳುವವರಿಂದ ಅದೂ ತಿಳಿಯುವುದಿಲ್ಲ.

ಚಪ್ಪಲಿ ಸವೆತದ ಕಷ್ಟ ಅಂದೂ ಇತ್ತು. ಓಸ್ಟಿಯಾ ಮತ್ತು ಪುಟೆಯೋಲಿ ಬಂದರುಗಳಿಂದ ರೋಮ್‌ಗೆ ಸರದಿಯ ಮೇಲೆ ನಡೆದು ಬರುತ್ತಿದ್ದ ನೌಕಾಪಡೆಯವರು ಪಾದರಕ್ಷೆ ಭತ್ಯೆ ಕೊಡಿ ಎಂದು ಚಕ್ರವರ್ತಿ ವೆಸ್ಪೇಸಿಯನ್‌ನನ್ನು ಕೇಳಿದ್ದರಂತೆ. ಜಿಪುಣನೆಂದೇ ಹೆಸರಾಗಿದ್ದ ಅವನು ಹಣ ಕೊಡಲಿಲ್ಲ. ಇನ್ನು ಮುಂದೆ ಬರಿಗಾಲಲ್ಲೇ ಓಡಿ ಬನ್ನಿ ಎಂದು ಆಜ್ಞೆ ಮಾಡಿದ. ಅಂದಿನಿಂದ ಅವರು ಹಾಗೆಯೇ ಓಡುತ್ತಿದ್ದಾರೆ ಎಂದು ಸುಟೋನಿಯಸ್ ಬರೆದಿಟ್ಟಿದ್ದಾನೆ.