ಮುಪ್ಪಿನ ಮನೋವ್ಯಾಧಿಯೂ ಸರಕಾರದ ವಿಮೆಯೂ

ಅರವತ್ತಕ್ಕೆ ಅರಳುಮರಳೆಂದು ಆಡಿ ಮುಗಿಸುವ ರೂಢಿಯು ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಅಜ್ಜನು ಅನ್ನವನ್ನೊಲ್ಲದೆ ಗೋಡೆಗೆ ಮುಖಮಾಡಿ ಮಲಗಿದರೆ ಅದನ್ನು ವಯೋಧರ್ಮವೆಂದೇ ಎಣಿಸುವೆವು. ಅದು ಖಿನ್ನತೆಯಾಗಿರಬಹುದು, ಖಿನ್ನತೆಯು ಚಿಕಿತ್ಸೆಗೆ ಮಣಿಯತಕ್ಕ ವ್ಯಾಧಿ.

ದೇಹದ ಬೇನೆಗಿರುವಂತೆಯೇ ಮನಸ್ಸಿನ ಬೇನೆಗೂ ವಿಮೆಯಿರತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯು ವಿಧಿಸಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯಲ್ಲಿ ಮನೋರೋಗವನ್ನೂ ಸೇರಿಸಿತು. ಆದಾಯವೆಷ್ಟೇ ಇರಲಿ, 70 ವರ್ಷ ತುಂಬಿದವರೆಲ್ಲರಿಗೂ ಇದನ್ನು ವಿಸ್ತರಿಸಲು 2024ರಲ್ಲಿ ಕೇಂದ್ರ ಸರಕಾರವು ನಿಶ್ಚಯಿಸಿತು.

ಆದರೆ ತೊಡಕೊಂದುಂಟು. ಈ ವಿಮೆಯು ಆಸ್ಪತ್ರೆಯ ಹಾಸಿಗೆಗೆ ಸಲ್ಲುವುದು. ಬಿಡುಗಡೆಯಾದ ತರುವಾಯ 15 ದಿನಗಳ ಔಷಧಕ್ಕೂ ಸಲ್ಲುವುದು. ಹದಿನಾರನೆಯ ದಿನಕ್ಕೆ ಸಲ್ಲದು. ಮುಪ್ಪಿನ ಮನೋವ್ಯಾಧಿಗಾದರೋ ಹಾಸಿಗೆ ಬೇಕಾಗುವುದು ಅಪರೂಪ, ಗುಳಿಗೆ ಬೇಕಾಗುವುದು ತಿಂಗಳು ತಿಂಗಳೂ. ಗಜೇಂದ್ರಗಡದಿಂದ ಧಾರವಾಡದ ಡಿಮ್ಹಾನ್ಸಿಗೆ ಮುದುಕರನ್ನು ಕರೆದೊಯ್ದರೆ ಮಗನ ಒಂದು ದಿನದ ದುಡಿಮೆ ಹೋಯಿತು. ಅದನ್ನು ತುಂಬಿಕೊಡುವ ಕಾರ್ಡು ಯಾವುದು?

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಮೇರೆಗೆ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡುಂಟು. ವಿಮೆಯ ಕಾರ್ಡು ಹೇಗೂ ಮಾಡಿಸಿಕೊಳ್ಳಬೇಕಾದುದೇ; ಅದಕ್ಕೂ ಮುನ್ನ ತಮ್ಮ ತಾಲೂಕಿಗೆ ವೈದ್ಯರು ಯಾವ ಮಂಗಳವಾರ ಬರುವರೆಂಬುದನ್ನು ವಾಚಕರು ವಿಚಾರಿಸಿಕೊಳ್ಳಲೆಂದು ನಮ್ಮ ಸೂಚನೆ.